ಮೇಷ್ಟ್ರ ಸಹಿ

ಹಲ್ಲಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹಾಗೆಂದು ಅವಳ ಹಲ್ಲೇನೂ ಉಬ್ಬಿರಲಿಲ್ಲ. ಅವಳು ಊರವರ ಹಲ್ಲು ಕಟ್ಟುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದರ ಮೇಲೆ ಮೇಣದಲ್ಲಿ ಒಸಡು ಎಬ್ಬಿಸಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಅವಳ ಅತ್ತೆ ಹಾಕಿಕೊಳ್ಳುವುದೂ ಅವಳು ಕಟ್ಟಿದ ಸೆಟ್ಟನ್ನೇ. ಸೊಸೆಯನ್ನು ಬೈಯಲು ಸೊಸೆಯೇ ಹಲ್ಲು ಕಟ್ಟಿಕೊಟ್ಟ ಮನೆ ಇನ್ನೊಂದಿರಲಾರದು.

ಅವಳು ಕೆಲಸ ಮಾಡುವ ಲ್ಯಾಬು ಎಂದರೆ ಔಷಧಿ ಅಂಗಡಿಯ ಹಿಂಬದಿಯ ಉದ್ದನೆಯ ಕೋಣೆ. ಇದ್ದದ್ದು ಒಂದು ಕಿಟಕಿ, ಅದರೆದುರಿಗೆ ಪಕ್ಕದ ಕಟ್ಟಡದ ಗೋಡೆ. ಎರಡು ಮೇಜು. ಒಂದು ಅವಳದು, ಇನ್ನೊಂದು ಮೇಷ್ಟ್ರದು. ಲ್ಯಾಬಿನ ಒಡೆಯರು ಅವರೇ. ಇಪ್ಪತ್ತು ವರ್ಷದ ಹಿಂದೆ ಕೈಹಿಡಿದು ಕೆಲಸ ಕಲಿಸಿದರೆಂದು ಅವಳು ಮೇಷ್ಟ್ರೇ ಎಂದು ಕರೆಯುತ್ತಿದ್ದಳು.

ಎಂಟು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಲೋಟದ ಚಹಾ ತುಳುಕಿತು, ಆಮೇಲೆ ಮೇಣದ ಚಾಕು ಜಾರಿತು.

"ಯಾರಿಗೂ ಹೇಳ್ಬೇಡಮ್ಮ. ಕೈ ನಡುಗೋನ ಹತ್ರ ಯಾವ ಡಾಕ್ಟ್ರು ಹಲ್ಲು ಕಟ್ಟಿಸ್ತಾರೆ?" ಎಂದರು.

ಅವಳು ಹೊಟ್ಟೆಯಲ್ಲಿಟ್ಟುಕೊಂಡಳು. ಎರಡೂ ಮೇಜಿನ ಕೆಲಸ ಅವಳ ಪಾಲಿಗೆ ಬಂತು. ಪ್ರತಿ ಸೆಟ್ಟಿನ ಜೊತೆಗೂ ಒಂದು ಚೀಟಿ ಹೋಗಬೇಕು, ಅದರಲ್ಲಿ 'ಕಟ್ಟಿದವರು' ಎಂಬಲ್ಲಿ ಮೇಷ್ಟ್ರ ಸಹಿ ಇರಬೇಕು. ಅದನ್ನೂ ಅವರೇ ಕೂರಿಸಿಕೊಂಡು ಹೇಳಿಕೊಟ್ಟರು: ಮೊದಲಕ್ಷರ ದೊಡ್ಡದು, ಕೊನೆಗೊಂದು ಸುರುಳಿ, ಕೆಳಗೆ ಎರಡು ಗೆರೆ. ಕೋರೆಹಲ್ಲಿನ ಮೊನೆ ತಿದ್ದುವ ಕೈಗೆ ಅದೇನು ಮಹಾ! ಮೂರನೇ ದಿನಕ್ಕೆ ಅದು ನೀರು ಕುಡಿದಷ್ಟು ಸಲೀಸಾಯಿತು. ಲ್ಯಾಬಿನ ಕಾಗದಪತ್ರ, ವರ್ಷಕ್ಕೊಮ್ಮೆ ಅವಳಿಗೇ ಕೊಡುವ ಸೇವಾ ಪ್ರಮಾಣಪತ್ರ, ಎಲ್ಲಕ್ಕೂ ಅವಳೇ ಸಹಿ ಹಾಕುತ್ತಿದ್ದಳು. ಬರಬರುತ್ತ ಅದು ತನ್ನ ಕೈಬರಹ ಎಂಬುದೇ ಅವಳಿಗೆ ಮರೆತುಹೋಯಿತು.

ಒಂದು ದಿನ ರಿಪೇರಿಗೆ ಹೊರದೇಶದ ಸೆಟ್ಟೊಂದು ಬಂತು. ಡಬ್ಬಿಯಲ್ಲೊಂದು ಕಾರ್ಡು: ಕಟ್ಟಿದವರು ಇಂಥವರು, ಒಬ್ಬ ಹೆಂಗಸಿನ ಹೆಸರು, ಕೆಳಗೆ ಆಕೆಯದೇ ಸಹಿ. ಕೆಲಸ ಸಾಧಾರಣ, ಹಲ್ಲಕ್ಕ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದಳು. ಆದರೆ ಆ ಕಾರ್ಡನ್ನು ಅವಳು ಮೂರು ದಿನ ಕೈಚೀಲದಲ್ಲಿಟ್ಟುಕೊಂಡು ಓಡಾಡಿದಳು. ತನ್ನ ಕೆಲಸದ ಮೇಲೆ ತನ್ನ ಹೆಸರು. ಅಷ್ಟೇ ಅವಳಿಗೆ ಬೇಕಾದದ್ದು.

ವಿಚಾರಿಸಿದರೆ, ಆ ದೇಶ ನುರಿತ ಕೆಲಸಗಾರರನ್ನು ಮನೆಮಂದಿಯ ಸಮೇತ ಕಾಯಂ ವಾಸಕ್ಕೆ ಕರೆದುಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಹಲ್ಲು ಕಟ್ಟುವವರೂ ಇದ್ದರು. ವಯಸ್ಸು ಮಾತ್ರ ನಲವತ್ತೈದು ತುಂಬಿರಬಾರದು. ಅವಳಿಗೆ ತುಂಬಲು ಐದು ತಿಂಗಳು ಉಳಿದಿತ್ತು.

ಗಂಡ ಶಾಲಾ ಬಸ್ಸಿನ ಡ್ರೈವರು. "ನೀನು ಹಲ್ಲು ಕಟ್ಟು, ನಾನು ಅಲ್ಲೂ ಮಕ್ಕಳನ್ನ ಹೊತ್ಕೊಂಡು ತಿರುಗ್ತೀನಿ" ಎಂದು ಒಪ್ಪಿದ. ಅವಳು ಭಾಷೆಯ ಪರೀಕ್ಷೆ ಪಾಸು ಮಾಡಿದಳು, ಎಂಟು ವರ್ಷದ ಪ್ರಮಾಣಪತ್ರಗಳನ್ನು ಜೋಡಿಸಿ ಕಳಿಸಿದಳು. ಇನ್ನು ಬೇಕಾದದ್ದು ಒಂದೇ: ಇವಳು ಯಾರ ನೆರವೂ ಇಲ್ಲದೆ ಕಟ್ಟುತ್ತಾಳೆ ಎಂದು ಒಡೆಯರು ಬರೆದುಕೊಡುವ ಅನುಭವ ಪತ್ರ.

ಕೇಳಲು ಅವಳಿಗೆ ವಾರ ಹಿಡಿಯಿತು. ಮೇಷ್ಟ್ರು ಕೈಲಿದ್ದ ಅಚ್ಚನ್ನು ಮೇಜಿನ ಮೇಲಿಟ್ಟರು.

"ನೀನು ಹೋದ್ರೆ ಈ ಬಾಗಿಲು ಹಾಕ್ಬೇಕು, ಗೊತ್ತಲ್ವಾ?"

"ಗೊತ್ತು ಮೇಷ್ಟ್ರೇ."

"ಹಾಕಿದ್ರಾಯ್ತು ಬಿಡು. ನಾಳೆ ಕೊಡ್ತೀನಿ."

ಮರುದಿನ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯ ಮೇಲೆ ಕರೆದರು. ಟೈಪು ಮಾಡಿದ ಪತ್ರದ ಕೆಳಗೆ ಅಂಕುಡೊಂಕಾಗಿ ಒಂದು ಸಹಿ ಇತ್ತು. ಸುರುಳಿ ಎಲ್ಲೋ, ಗೆರೆ ಇನ್ನೆಲ್ಲೋ. ನಾಲ್ಕು ಹಾಳೆ ಕಸದಬುಟ್ಟಿ ಸೇರಿದ್ದವು.

"ಇದಕ್ಕಾದ್ರೂ ನನ್ನ ಕೈದೇ ಇರ್ಲಿ ಅಂತ" ಎಂದರು.

ಅವಳಿಗೆ ಅಳು ಬಂತು. ಅತ್ತಳು ಕೂಡ.

ಮೂರು ತಿಂಗಳಿಗೆ ಉತ್ತರ ಬಂತು. ಅನುಭವ ಪತ್ರದ ಸಹಿ ಪ್ರಮಾಣಪತ್ರಗಳ ಸಹಿಗೆ ಹೊಂದುತ್ತಿಲ್ಲ. ಒಡೆಯರ ಸರಿಯಾದ ಸಹಿ ಇರುವ ಪತ್ರವನ್ನು ಹದಿನಾಲ್ಕು ದಿನದೊಳಗೆ ಕಳಿಸಬೇಕು.

ಅಸಲಿ ಸಹಿಯನ್ನೇ ನಕಲಿ ಎನ್ನುತ್ತಿದ್ದಾರೆ, ಅವಳು ಹಾಕಿದ ಎಂಟು ಸಹಿ ಅಸಲಿಯಾಗಿ ಕೂತಿವೆ! ಮೇಷ್ಟ್ರಿಗೆ ಕೈನಡುಕ ಎಂದು ಬರೆಯೋಣವೇ? ಹಾಗಾದರೆ ಮೊನ್ನೆ ಮೊನ್ನೆಯ ಪ್ರಮಾಣಪತ್ರದ ಸಹಿ ಯಾರದು ಎಂದು ಕೇಳುತ್ತಾರೆ. ಬಾಯಿಬಿಟ್ಟರೆ ಅವಳ ಅರ್ಜಿಯೂ ಹೋಯಿತು, ಮೇಷ್ಟ್ರ ಮಾನವೂ ಹೋಯಿತು. ಹೊಸದಾಗಿ ಅರ್ಜಿ ಹಾಕೋಣವೆಂದರೆ ನಲವತ್ತೈದರ ಹುಟ್ಟುಹಬ್ಬಕ್ಕೆ ಮೂರು ವಾರವೂ ಇಲ್ಲ.

"ಅಯ್ಯೋ, ಇದಕ್ಕ್ಯಾಕೆ ತಲೆ ಕೆಡಿಸ್ಕೋತೀಯ? ನೀನೇ ಹಾಕು. ದಿನಾ ಹಾಕ್ತೀಯಲ್ಲ" ಎಂದ ಗಂಡ.

ಮೇಷ್ಟ್ರೂ ಅದನ್ನೇ ಹೇಳಿದರು. ಹೊಸ ಪತ್ರ ಟೈಪು ಮಾಡಿಸಿ ಅವಳ ಮೇಜಿನ ಮೇಲಿಟ್ಟು, ಎಡಗೈಯಿಂದ ಪೆನ್ನು ಸರಿಸಿದರು. "ನನ್ನ ಸಹಿ ಈಗ ನಿನ್ನ ಕೈಲೇ ಇರೋದಮ್ಮ. ನಾಚ್ಕೋಬೇಡ."

ಅವಳು ಪತ್ರ ಓದಿದಳು. ಇವಳ ಕೆಲಸಕ್ಕೆ ಸಾಟಿಯಿಲ್ಲ, ಇವಳು ನಂಬಿಕಸ್ಥೆ, ಇದಕ್ಕೆ ನಾನೇ ಸಾಕ್ಷಿ ಎಂದಿತ್ತು. ಪೆನ್ನು ಹಿಡಿದಳು, ಮೊದಲಕ್ಷರದ ಜಾಗಕ್ಕೆ ಒಯ್ದಳು, ಅಲ್ಲೇ ನಿಲ್ಲಿಸಿದಳು. ತನ್ನನ್ನು ತಾನೇ ಹೊಗಳಿಕೊಂಡು ಕೆಳಗೆ ಇನ್ನೊಬ್ಬರ ಸಹಿ ಹಾಕಬೇಕು. ತನ್ನ ಹೆಸರಿನ ಒಂದು ಕಾರ್ಡಿಗಾಗಿ ಇಷ್ಟೆಲ್ಲ!

"ನಿಮಗೋಸ್ಕರ ಸಾವಿರ ಸಲ ಹಾಕಿದ್ದೀನಿ ಮೇಷ್ಟ್ರೇ. ನನಗೋಸ್ಕರ ಹಾಕೋಕೆ ಕೈ ಬರ್ತಿಲ್ಲ" ಎಂದಳು.

ಹದಿನಾಲ್ಕು ದಿನವೂ ಪತ್ರ ಮೇಜಿನ ಮೇಲಿತ್ತು. ದಿನವೂ ಪೆನ್ನು ಎತ್ತುವಳು, ಇಡುವಳು. ತನ್ನ ಮೇಲೆ ತನಗೇ ಕೆಂಡದಂಥ ಸಿಟ್ಟು. ಗಂಡ ಮಾತು ಬಿಟ್ಟ. ಗಡುವು ದಾಟಿತು, ಅದರ ಬೆನ್ನಿಗೇ ಹುಟ್ಟುಹಬ್ಬವೂ ದಾಟಿತು.

"ಹೋಗ್ಲಿ ಬಿಡೇ. ನನ್ನ ಮೇಲಿನ ಸೆಟ್ಟು ಸಡಿಲ ಆಗಿದೆ. ನೀನು ಹೋಗಿದ್ರೆ ಯಾರು ಸರಿ ಮಾಡ್ತಿದ್ರು?" ಎಂದರು ಅತ್ತೆ. ಅದು ಸಮಾಧಾನವೋ ಕುಹಕವೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ದಂತವೈದ್ಯರ ಕಡೆಯ ನರ್ಸು ಸೆಟ್ಟು ಒಯ್ಯಲು ಬಂದು ಬಾಗಿಲಲ್ಲಿ ನಿಂತಳು. "ಚೀಟಿ ಬೇಗ ಕೊಡಿ ಅಕ್ಕ, ಪೇಷಂಟು ಕಾಯ್ತಿದ್ದಾರೆ" ಎಂದಳು. ಮೇಷ್ಟ್ರು ತಲೆ ತಗ್ಗಿಸಿ ಮೇಜು ಒರೆಸುತ್ತಿದ್ದರು.

ಹಲ್ಲಕ್ಕ ಚೀಟಿ ಎಳೆದುಕೊಂಡಳು. ಮೊದಲಕ್ಷರ ದೊಡ್ಡದು, ಕೊನೆಗೊಂದು ಸುರುಳಿ, ಕೆಳಗೆ ಎರಡು ಗೆರೆ. ಕೈ ಒಂದಿಷ್ಟೂ ಅಳುಕಲಿಲ್ಲ.