ಗಾಯಗೊಂಡ ಜಿಂಕೆಯ ಹಿಂದೆ

ಮುಂಬೈ ಬಳಿಯ ಕಲ್ಯಾಣ ಸ್ಟೇಷನ್ನಿನ ಎದುರಿನ ವೆಜ್ ಹೋಟೆಲಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಜಿಂಕೆಯನ್ನು ನೋಡುತ್ತಿದ್ದ ನನಗೆ ಕಾರ್ಕಳ ಕಡೆಯ ಮಾಲೀಕ ಶೀನಣ್ಣ ತಮ್ಮ ಹರೆಯದ ಬೇಟೆಯ ಕಥೆ ಹೇಳಿದರು. ಗುಂಡು ತಗುಲಿದ ಜಿಂಕೆ ಕುಂಟುತ್ತಾ ಓಡಿತಂತೆ. ಇವರು ಮೂರು ದಿನ ಕಾಡು ಸುತ್ತಿದರಂತೆ.

“ಮಾಂಸದ ಆಸೆಗಾ?” ಎಂದೆ.

“ಮೊದಲ ದಿನ ಅದಕ್ಕೇ, ಸುಳ್ಳು ಯಾಕೆ ಹೇಳುದು? ಆಮೇಲೆ ಅದು ಎಲ್ಲೋ ಬಿದ್ದು ನರಳ್ತಾ ಉಂಟು ಅಂತ ನಂಗೆ ಅನ್ನ ಇಳೀಲಿಲ್ಲ ಮಾರಾಯ್ರೆ. ಸಿಕ್ಕಿದ್ರೆ ಅದರ ನೋವು ಮುಗಿಸುವ ಅಂತ ಹುಡುಕಿದ್ದು.”

“ಸಿಕ್ಕಿತಾ?”

“ಮೂರನೇ ದಿನ ಹಳ್ಳದಲ್ಲಿ ನೀರು ಕುಡೀತಿತ್ತು. ಕಾಲು ಕುಂಟು, ಆದ್ರೆ ಗಟ್ಟಿ ಇತ್ತು. ನಂಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಕೋವಿ ಎತ್ತಲೇ ಇಲ್ಲ. ನನ್ನನ್ನು ಕಂಡದ್ದೇ, ಹೀಗೆ ಹಾರಿತು!”

ಶೀನಣ್ಣ ಮೇಜುಗಳ ನಡುವೆ ಕುಂಟುತ್ತಾ ನೆಗೆದು ತೋರಿಸಿದರು.