ಆಫುಲ್ ಎಂದರೆ ಕೈಮುಗಿಯುವಂಥವರು

ಇಂಗ್ಲಿಷ್ ಕಲಿಸುತ್ತಿದ್ದ ಚಂದ್ರಶೇಖರಯ್ಯ ಮೇಷ್ಟ್ರಿಗೆ ಯಾರಾದರೂ ‘ನೈಸ್’ ಅಂದರೆ ಮೈ ಉರಿಯುತ್ತಿತ್ತು. ಚನ್ನಗಿರಿಯ ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ವಿಜ್ಞಾನದ ಮೇಡಂ ಒಮ್ಮೆ ಅವರ ಅಂಗಿ ನೋಡಿ ‘ನೈಸ್ ಸರ್’ ಅಂದುಬಿಟ್ಟರು. ಮೇಷ್ಟ್ರು ತಮ್ಮ ಡಿಕ್ಷನರಿ ತರಿಸಿ ನಮ್ಮೆಲ್ಲರ ಎದುರೇ ಬಿಚ್ಚಿದರು. “ಓದ್ರಿ ಇಲ್ಲಿ. ನೈಸ್ ಅಂದ್ರೆ ದಡ್ಡ. ನನ್ನ ಅಂಗಿ ದಡ್ಡ ಆಗಾಕೆ ಹೆಂಗ್ರೀ ಸಾಧ್ಯ?” ಆ ಮೇಡಂ ಆಮೇಲೆ ಅವರಿಗೆ ನಮಸ್ಕಾರ ಬಿಟ್ಟು ಬೇರೇನೂ ಹೇಳಲಿಲ್ಲ.

ಡಿಕ್ಷನರಿ ಇಟ್ಟಿಗೆಯಷ್ಟು ದಪ್ಪ. ಮೊದಲ ಹಾಳೆಗಳು ಕಿತ್ತುಹೋಗಿದ್ದರಿಂದ ಯಾವ ಕಾಲದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲಿ ‘ಸಿಲ್ಲಿ’ ಎಂದರೆ ಪುಣ್ಯವಂತ. ಇಂಥ ಅರ್ಥಗಳ ಪಕ್ಕದಲ್ಲಿ, ಈಗ ಬಳಕೆಯಲ್ಲಿಲ್ಲ ಎಂದು ಸೂಚಿಸುವ ಸಣ್ಣದೊಂದು ಗುರುತು ಇರುತ್ತಿತ್ತು. ಒಮ್ಮೆ ಮೇಷ್ಟ್ರಿಗೆ ಅದನ್ನು ತೋರಿಸಿದವಳು ನಾನು. “ಅರ್ಥಕ್ಕೇನು ಪಿಂಚಣಿ ಐತೇನು, ರಿಟೈರ್ ಆಗಾಕೆ?” ಎಂದು ಕೇಳಿ ಕ್ಲಾಸನ್ನೆಲ್ಲ ನಗಿಸಿದರು. ಮಾತು ಬಲ್ಲವರು, ಅದನ್ನು ಒಪ್ಪುತ್ತೇನೆ. ಒಂದು ಶಬ್ದದ ಹುಟ್ಟು ಹೇಳಲು ಕೂತರೆ ಬೆಲ್ ಹೊಡೆದದ್ದೂ ತಿಳಿಯುತ್ತಿರಲಿಲ್ಲ. ಆ ಮಾತಿಗೇ ನಾನು ಮರುಳಾದದ್ದು. ಅವರು ಹೇಳಿದ್ದೇ ವೇದವಾಕ್ಯ ಅಂದುಕೊಂಡಿದ್ದೆ.

ಹತ್ತನೇ ಕ್ಲಾಸಿನಲ್ಲಿದ್ದಾಗ ಹೊನ್ನಾಳಿಯಲ್ಲಿ ಇಂಗ್ಲಿಷ್ ಭಾಷಣ ಸ್ಪರ್ಧೆ ಇತ್ತು. ನಮ್ಮ ಶಾಲೆಯಿಂದ ನಾನು. ಮೇಷ್ಟ್ರು ಒಂದೊಂದೇ ಸಾಲು ಹೇಳಿಕೊಟ್ಟು ಬಾಯಿಪಾಠ ಮಾಡಿಸಿದರು. ಮುಖ್ಯ ಅತಿಥಿಯನ್ನು ‘ಅವರ್ ಆಫುಲ್ ಗೆಸ್ಟ್’ ಎಂದು ಕರೆಯಬೇಕಿತ್ತು. ಆ ಶಬ್ದ ನಾನು ಕೇಳಿದ್ದೇ ಆವತ್ತು. “ಆಫುಲ್ ಅಂದ್ರೆ ನೋಡಿದ ತಕ್ಷಣ ಕೈ ಮುಗೀಬೇಕು ಅನ್ನಿಸೋ ಅಂಥೋರು ಕಣಮ್ಮ. ಇಂಥ ಮರ್ಯಾದೆ ಮಾತು ಈಗಿನೋರಿಗೆ ಎಲ್ಲಿಂದ ಬರಬೇಕು?” ಅಂದರು.

ವೇದಿಕೆ ಹತ್ತಿ, ಕೈಮುಗಿದು, ಗಟ್ಟಿಯಾಗಿ ಹೇಳಿದೆ. ಮೊದಲು ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ಮುಖ್ಯ ಅತಿಥಿ ಮೈಕ್ ಎಳೆದುಕೊಂಡು, “ನಾನು ಅಷ್ಟೊಂದು ಕೆಟ್ಟವನೇನಮ್ಮಾ?” ಅಂದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲು ಮರೆತೇಹೋಯಿತು. ಎರಡನೇ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಕಡೆ ನೋಡಿದೆ, ಎದ್ದು ಒಂದು ಮಾತು ಹೇಳುತ್ತಾರೆ ಎಂದು. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆನೇನೋ. ಮರುದಿನ ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಹಣ್ಣಿನಂಗಡಿಗೆ ಮೇಷ್ಟ್ರು ತಾವಾಗಿಯೇ ಬಂದು ಅಪ್ಪನ ಹತ್ತಿರ, “ಹುಡುಗಿ ಗಾಬರಿಬಿದ್ದು ಬಾಯಿಗೆ ಬಂದದ್ದು ಅಂದ್ಲು, ಬೈಯಾಕೆ ಹೋಗಬ್ಯಾಡ್ರಿ” ಎಂದು ಹೇಳಿ ಹೋದರು. ಅದು ಮೇಷ್ಟ್ರೇ ಕಲಿಸಿದ ಮಾತೆಂದು ನಾನು ಅತ್ತೆ. ಅಪ್ಪನಿಗೆ ನಾನು ಫೇಲಾಗಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. “ಮೇಷ್ಟ್ರು ಸುಳ್ಳು ಹೇಳ್ತಾರೇನು? ತಪ್ಪು ಮಾಡಿದ್ದಲ್ಲದೆ ಗುರುಗಳ ಮ್ಯಾಲೆ ಹಾಕ್ತೀಯಾ?” ಅಂದ. ಶಾಲೆಯಲ್ಲಿ ನನ್ನ ಹೆಸರೇ ಆಫುಲ್ ಆಯಿತು. ಅದನ್ನು ಸಹಿಸಿಕೊಂಡೆ. ಆದರೆ ಮಗಳು ಸುಳ್ಳುಗಾತಿ ಎಂಬ ಮಾತು ಅಪ್ಪನ ಮನಸ್ಸಿನಿಂದ ಹೋಗಲೇ ಇಲ್ಲ. ಅದನ್ನು ಹೊತ್ತುಕೊಂಡೇ ಅಪ್ಪ ತೀರಿಕೊಂಡ.

ನಾನೀಗ ನ್ಯಾಮತಿಯ ಬ್ಯಾಂಕೊಂದರಲ್ಲಿದ್ದೇನೆ. ಅಪ್ಪನ ತಿಥಿ ಮುಗಿಸಿದ ಮೇಲೆ ಒಂದು ಭಾನುವಾರ ಚನ್ನಗಿರಿಗೆ ಬಂದು ಮೇಷ್ಟ್ರ ಮನೆಗೆ ಹೋದೆ. ಯೋಗಕ್ಷೇಮ ವಿಚಾರಿಸಲು ಅಲ್ಲ. ಆ ಮಾತು ತಮ್ಮದೆಂದು ಅವರ ಬಾಯಿಂದಲೇ ಕೇಳಬೇಕಿತ್ತು. ಮಂಚದ ಮೇಲೆ ಒರಗಿದ್ದರು. ಕಾಲು ಊದಿಕೊಂಡಿತ್ತು. ಗುರುತು ಹಿಡಿದು, “ಬಾರಮ್ಮ, ಕೂತ್ಕ” ಅಂದರು. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ಆಫುಲ್ ಅಂದರೆ ಈಗ ಜನ ಏನು ತಿಳ್ಕೊಳ್ತಾರೆ ಅಂತ ನಿಮಗೆ ಆವತ್ತು ಗೊತ್ತಿರಲಿಲ್ಲವಾ ಸಾರ್?”

“ಗೊತ್ತಿತ್ತು. ಇಂಗ್ಲಿಷ್ ಮೇಷ್ಟ್ರಿಗೆ ಗೊತ್ತಿರಲ್ವೇನಮ್ಮ?”

“ಮತ್ಯಾಕೆ ಹೇಳಿಸಿದ್ರಿ?”

“ಸರಿಯಾದ ಅರ್ಥದಾಗೆ ಆ ಮಾತನ್ನ ಒಂದ್ಸಲನಾದ್ರೂ ವೇದಿಕೆ ಮ್ಯಾಲೆ ಕೇಳಬೇಕು ಅಂತ ಭಾಳ ಆಸೆ ಇತ್ತು.”

“ನೀವೇ ಹೇಳಬಹುದಿತ್ತಲ್ಲ?”

“ನಾನು ಹೇಳಿದ್ರೆ ನಗ್ತಾರೆ ಅಂತ ಗೊತ್ತಿತ್ತಲ್ಲಮ್ಮ” ಅಂದರು, ಪಾಠ ಹೇಳುವಾಗಿನ ಅದೇ ದನಿಯಲ್ಲಿ. “ನೀನು ಸಣ್ಣೋಳು, ಮರೀತೀಯ ಅಂದ್ಕಂಡೆ.”

ಚಹಾ ಮುಟ್ಟದೆ ಎದ್ದು ಬಂದೆ. ಶ್ರಾವಣದಲ್ಲಿ ಮೇಷ್ಟ್ರು ತೀರಿಕೊಂಡರೆಂದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಅವರಂಥ ಗುರುಗಳು ಇನ್ನು ಸಿಗುವುದಿಲ್ಲ ಎಂದು ಎಲ್ಲರೂ ಬರೆದರು. ಮಣ್ಣಿಗೆ ನಾನು ಹೋಗಲಿಲ್ಲ. ಹೋಗಬೇಕಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ.