ಮೊಳೆಯ ಮೇಲೋ, ರೇಡಿಯೊ ಮೇಲೋ

೧೯೮೧ರಲ್ಲಿ ನಾನು ತಾಳವಾಡಿ ಬಸ್ ನಿಲ್ದಾಣದ ಎದುರು ವಾಚ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಮೈಸೂರಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದವನು ಸೋದರಮಾವನ ಅಂಗಡಿಗೆ ಬಂದು ಕುಳಿತದ್ದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ಯಾವುದು ನಿಜವೋ ಈಗ ನನಗೂ ಖಾತ್ರಿಯಿಲ್ಲ. ಈ ಘಟನೆಯ ದಿನ ಡೈರಿಯಲ್ಲಿ ಬರೆದದ್ದು ‘ನರ್ಸಮ್ಮನ ವಾಚು, ಮ್ಯಾಗ್ನೆಟ್’ ಎಂದಷ್ಟೇ. ಉಳಿದದ್ದೆಲ್ಲ ನೆನಪು. ಅದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಹೆಂಗಸರ ವಾಚಿನ ಒಳಯಂತ್ರ ಕೋಟಿನ ಗುಂಡಿಯಷ್ಟಗಲ. ಅದರಲ್ಲಿ ಹೇರ್‌ಸ್ಪ್ರಿಂಗ್ ಎಂಬ ಸುರುಳಿ ತಂತಿ ಇರುತ್ತದೆ. ಸಮಯ ಅಳೆಯುವ ಚಕ್ರವನ್ನು ಹಿಂದೆ ಮುಂದೆ ಆಡಿಸುವುದು ಅದೇ. ಅದಕ್ಕೆ ಅಯಸ್ಕಾಂತದ ಗುಣ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ವಿಪರೀತ ಮುಂದೆ ಓಡುತ್ತದೆ.

ಗೆಟ್ಟವಾಡಿಯಲ್ಲಿದ್ದ ಸರೋಜಮ್ಮ ಕಾಡಿನ ಊರುಗಳಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಸರ್ಕಾರಿ ನರ್ಸು. ಸೆಕೆಂಡಿನ ಮುಳ್ಳಿದ್ದ ಪುಟ್ಟ ವಾಚೊಂದನ್ನು ನಾಡಿ ಎಣಿಸಲೆಂದೇ ಕಟ್ಟುತ್ತಿದ್ದರು. ಒಂದು ಬೆಳಿಗ್ಗೆ ಅದನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ‘ಮುಂದ ಓಡ್ತದ ಅಣ್ಣ’ ಎಂದರು.

ಪಕ್ಕದ ಟೀ ಅಂಗಡಿಯ ಮಾದಪ್ಪ ಅಲ್ಲಿಂದಲೇ ಕೂಗಿದ: ‘ನಮ್ಮ ಬಸ್ಸಿಗೂ ಒಸಿ ಆ ಕಾಯ್ಲ ಅಂಟ್ಸಿ ನರ್ಸಮ್ಮ, ಪುಣ್ಯ ಬತ್ತದ!’

ಸರೋಜಮ್ಮ ಅತ್ತ ತಿರುಗಲಿಲ್ಲ.

ವಾಚಿನ ಮೇಲೆ ದಿಕ್ಸೂಚಿ ಹಿಡಿದೆ. ಅದರ ಮುಳ್ಳು ನಡುಗಿತು, ವಾಚಿಗೆ ಅಯಸ್ಕಾಂತ ಹತ್ತಿತ್ತು. ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ವಿದ್ಯುತ್ ಸುರುಳಿಯ ಉಪಕರಣ, ಕರೆಂಟು ಇರಲಿಲ್ಲ. ಕಾಯುತ್ತ ಕುಳಿತಾಗ ಅವರು ಹೇಳಿದರು.

ಹಿಂದಿನ ದಿನ ನಸುಕಿನಲ್ಲೇ ತಾಳಮಲೆ ಕಡೆಯ ಊರಿನಿಂದ ಹೆರಿಗೆಗೆ ಕರೆ ಬಂದಿತ್ತು. ಮಗು ಹುಟ್ಟಿತು, ಚೆನ್ನಾಗಿತ್ತು. ತಾಯಿಗೆ ಸ್ವಲ್ಪ ರಕ್ತ ಹೋಗಿತ್ತು.

‘ನಾಡಿ ಎಂಬತ್ನಾಕು. ಭಯ ಇಲ್ಲ ಅಂತ ಬಂದ್ಬುಟ್ಟೆ. ಸಂಜಗ ಓಗ್ಬುಟ್ಳಂತ.’ ಆಮೇಲೆ, ‘ಯಾರೂ ನನ್ನ ಬೈನಿಲ್ಲ ಅಣ್ಣ’ ಎಂದರು.

ಕೇಳಬೇಕಾದದ್ದು ಒಂದೇ ಇತ್ತು, ಅದನ್ನು ಅವರೇ ಕೇಳಿದರು. ‘ಆಗ್ಲೇ ಕೆಟ್ಟಿತ್ತಾ ಇದು?’

‘ಹೆರಿಗೆಯ ಹಿಂದಿನ ರಾತ್ರಿ ಎಲ್ಲಿಟ್ಟಿದ್ದಿರಿ?’

‘ದಿನಾ ಗೋಡ ಮೊಳಗ ನೇತಾಕ್ತೀನಿ. ಈ ವಾರ ರೇಡಿಯೊ ತಂದ್ವಲ್ಲ, ವಾರ್ತ ಬಂದಾಗ ಟೇಮು ತಿದ್ಕಳಕ ಒಂದೊಂದ್ಸಲ ಅದ್ರ ಮ್ಯಾಲೇ ಮಡಗ್ತೀನಿ. ನೆನ್ನ ಮದ್ಯಾನ ಬಂದು ರೇಡಿಯೊ ಮ್ಯಾಲೇ ಮಡಗ್ದೆ, ಅದು ಗ್ಯಾನ ಅದ. ಅದ್ಕ ಮುಂಚಿನ್ ರಾತ್ರಿ...’ ಅವರ ಕೈ ಗಾಳಿಯಲ್ಲಿ ಮೊಳೆಗೆಂದು ಮೇಲೂ ಚಾಚಿತು, ರೇಡಿಯೊಗೆಂದು ಕೆಳಗೂ ಇಳಿಯಿತು. ‘ಗ್ಯಾನ ಇಲ್ಲ.’

ರೇಡಿಯೊದ ಸ್ಪೀಕರಿನ ಹಿಂದೆ ದಪ್ಪ ಅಯಸ್ಕಾಂತವಿರುತ್ತದೆ ಎಂದು ಹೇಳಿದೆ. ಅವರು ಎದ್ದು ನನ್ನ ಮಣಿಕಟ್ಟು ಹಿಡಿದರು. ಮೊದಲು ನನ್ನ ವಾಚು ನೋಡಿ ಎಣಿಸಿದರು: ಎಪ್ಪತ್ತಾರು. ಆಮೇಲೆ ಅವರ ವಾಚು ನೋಡಿ: ಐವತ್ತೇಳು. ಮುಂದೆ ಓಡುವ ವಾಚಿನಲ್ಲಿ ನಿಮಿಷ ಬೇಗ ಮುಗಿಯುತ್ತದೆ, ಎಣಿಕೆ ಕಡಿಮೆ ಬರುತ್ತದೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಯಿಬಿಟ್ಟು ಹೇಳಿದವರು ಅವರು.

‘ಅಂಗಾರ ಎಂಬತ್ನಾಕು ಅಂದ್ರ ನೂರ ಅನ್ನೆರ್ಡು. ನೂರು ದಾಟಿದ್ರ ಜೀಪ್ ತರ್ಸಿ ಸತ್ಯಮಂಗಲದ ಆಸ್ಪತ್ರಗ ಕಳಿಸ್ತಿದ್ದೆ.’

‘ಆ ರಾತ್ರಿ ಮೊಳೆಯ ಮೇಲೆ ಇದ್ದಿದ್ದರೆ ಎಂಬತ್ತನಾಲ್ಕು ಎಂಬತ್ತನಾಲ್ಕೇ’ ಎಂದೆ.

‘ವಾಚು ನೋಡುದ್ರ ಗೊತ್ತಾಗದಿಲ್ವಾ?’

‘ಇಲ್ಲಮ್ಮ. ಈಗ ಹೇಗೆ ಓಡುತ್ತಿದೆ ಅನ್ನುವುದಷ್ಟೇ ಇದರಲ್ಲಿ ಕಾಣುವುದು.’

ಬಲ್ಬು ಹತ್ತಿತು. ಡಿಮ್ಯಾಗ್ನೆಟೈಸರ್ ಕೈಗೆತ್ತಿಕೊಂಡೆ. ಅಯಸ್ಕಾಂತದ ಗುಣ ಒಮ್ಮೆ ತೆಗೆದರೆ ವಾಚು ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ, ಹೀಗೇ ಬಿಡಲೇ ಎಂದು ಕೇಳಿದೆ.

‘ತಗೀರಿ. ನಾಳ ಇನ್ನೊಂದು ಎರಿಗ ಅದ.’

ಒಂದು ನಿಮಿಷದ ಕೆಲಸ. ಅವರು ಮತ್ತೆ ನನ್ನ ಕೈ ಹಿಡಿದು ಎರಡು ವಾಚಿನಲ್ಲೂ ಎಣಿಸಿದರು. ಎರಡರಲ್ಲೂ ಒಂದೇ ಬಂತು. ‘ಸರಿ ಆಯ್ತು’ ಎಂದು ವಾಚು ಕಟ್ಟಿಕೊಂಡು ಬಸ್ಸಿಗೆ ಹೋದರು. ಅವರ ಕೈ ತಣ್ಣಗಿತ್ತು ಎಂದು ನೆನಪು. ಬೆಳಗಿನ ಚಳಿಗೂ ಇರಬಹುದು. ನನಗೆ ಅಂದು ಏನನ್ನಿಸಿತು ಎಂದು ಕೇಳಿಕೊಂಡರೆ ಏನೂ ಸಿಗುವುದಿಲ್ಲ. ಮುಂದಿನ ವಾಚು ತೆರೆದು ಕುಳಿತಿದ್ದೆ, ಅಷ್ಟೇ.

ಆಮೇಲೆ ಅಂಗಡಿಯನ್ನು ಕಾಯಂ ಮುಚ್ಚುವವರೆಗೂ, ಮುಂದೆ ಓಡುತ್ತದೆಂದು ತಂದ ಯಾವ ವಾಚನ್ನೂ ಒಂದು ಪ್ರಶ್ನೆ ಕೇಳದೆ ನಾನು ಬಿಚ್ಚಲಿಲ್ಲ: ರಾತ್ರಿ ಇದನ್ನು ಎಲ್ಲಿ ಇಡುತ್ತೀರಿ? ಜನ ಥಟ್ಟನೆ ಉತ್ತರ ಹೇಳುತ್ತಿದ್ದರು. ನಿನ್ನೆ ರಾತ್ರಿ ಎಲ್ಲಿಟ್ಟಿದ್ದಿರಿ ಎಂದರೆ ಮಾತ್ರ ಅವರ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು.